ಹಳೇ ಊರಿನ ನಾಯಿ, ಹೊಸ ಊರಿನ ಮರಿ

ಜನವರಿ ಹದಿನೇಳು, ರವಿವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಬರೆಯಲು ಕೂತಿದ್ದೇನೆ. ಏಳು ಇಪ್ಪತ್ತೈದಕ್ಕೆ ಊರಿನಿಂದ ಅಪ್ಪನ ಫೋನು ಬಂದಿತ್ತು. "ಪಾವ್ಣ್ಯಾಗ ಈಗ ಕಣ್ಣು ಕಾಣಂಗಿಲ್ಲ, ಬಾಗಿಲಿಗೆ ಹಾಯಲಕತ್ತದ. ಯೆಣೆಗೂರ ಧಾಬಾದಾಗ ಒಂದು ಮರಿ ಅದ. ತರಲೇನು?" ಎಂದು ಕೇಳಿದ. ಪಾವ್ಣ್ಯಾ ನಮ್ಮ ಮನೆಯ ಮುದಿ ನಾಯಿ. ತಾ ಅಂದೆ. ಅವನು ಕೇಳುತ್ತಿರುವಾಗಲೇ ಅವನ ಬೆನ್ನ ಹಿಂದೆ ಎಲ್ಲೋ ಮರಿಯೊಂದು ಕುಂಯ್‌ಗುಡುವುದು ನನಗೆ ಕೇಳುತ್ತಿತ್ತು. ತಂದಾದ ಮೇಲೆ ತರಲೇ ಎಂದು ಕೇಳುವುದು ನಮ್ಮ ಮನೆಯ ಗಂಡಸರ ಹಳೆಯ ಪದ್ಧತಿ.

ಫೋನು ಇಟ್ಟು, ಚಹಾಕ್ಕೆ ಇಟ್ಟ ನೀರನ್ನು ಮರೆತು, ಮಂಚದ ಕೆಳಗಿನ ಟ್ರಂಕು ಎಳೆದೆ. ಉದಗೀರದ ಈ ಬಾಡಿಗೆ ಕೋಣೆಗೆ ಬಂದು ಎರಡು ವರ್ಷ ಏಳು ತಿಂಗಳಾಯಿತು. ಇಲ್ಲಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಟ್ರಂಕಿನಲ್ಲಿ ಹತ್ತೊಂಬತ್ತು ನೋಟುಪುಸ್ತಕಗಳಿವೆ. ಆರನೆಯ ತರಗತಿಯಿಂದ ದಿನಚರಿ ಬರೆಯುತ್ತ ಬಂದವಳು ನಾನು. ದಿನಚರಿ ಎಂದರೆ ಮನಸ್ಸಿನ ಮಾತು ಎಂದು ತಿಳಿಯಬೇಡಿ. ಮನಸ್ಸಿನದು ನನಗೆ ಬರೆಯಲು ಬರುವುದಿಲ್ಲ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಉಮರ್ಗಾ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು, ಅಪ್ಪ ದಿನದಲ್ಲಿ ಎಷ್ಟು ಸಲ "ನೋಡೂನು" ಅಂದ, ಇಂಥವೇ. ಅವ್ವನಿಗೆ ಇದು ಒಂದು ಬಗೆಯ ರೋಗವಾಗಿ ಕಾಣುತ್ತಿತ್ತು. "ಈ ಹುಡುಗಿ ನಾವು ಉಸುರು ಬಿಟ್ಟದ್ದೂ ಬರದಿಡ್ತದ, ನಾಳಿ ಯಾರರ ಬಂದು ಕೇಳ್ತಾರೋ ಏನೋ" ಎಂದು ನೆರೆಯವರಿಗೆ ಹೇಳುವಳು. ಇಷ್ಟು ವರ್ಷದಲ್ಲಿ ಯಾರೂ ಬಂದು ಕೇಳಿಲ್ಲ. ಆದ್ದರಿಂದ ಈಗ ನಾನೇ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ.

ನನಗೆ ಬೇಕಾಗಿದ್ದದ್ದು ಐದನೆಯ ಪುಸ್ತಕ. ಅದರಲ್ಲಿ ಪಾವ್ಣ್ಯಾ ನಮ್ಮ ಮನೆಗೆ ಬಂದ ದಿನ ಇದೆ. ಅದಕ್ಕಿಂತ ಮೊದಲಿನ ನಾಯಿ ಹೋದ ದಿನವೂ ಇದೆ.

ನಿಮಗೆ ನಮ್ಮ ಊರು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಯಾವುದು ಎಂದು ಕೇಳಬೇಕಾಗುತ್ತದೆ, ಏಕೆಂದರೆ ಆ ಹೆಸರಿನ ಊರುಗಳು ಎರಡು. ಭೂಕಂಪದಲ್ಲಿ ಕಲ್ಲುಮಣ್ಣಿನ ಮಾಳಿಗೆಗಳೆಲ್ಲ ಕುಸಿದು ಬಿದ್ದದ್ದು ಹಳೇ ಊರು. ಆಮೇಲೆ ಎರಡೂವರೆ ಕಿಲೋಮೀಟರ್ ಆಚೆ, ಕರಿ ಹೊಲಗಳ ನಡುವೆ, ಗೆರೆ ಹೊಡೆದ ಹಾಗೆ ಸಾಲಾಗಿ ಕಟ್ಟಿಕೊಟ್ಟದ್ದು ಹೊಸ ಊರು. ಮನೆಗಳೆಲ್ಲ ಒಂದೇ ಅಳತೆ, ಒಂದೇ ಬಣ್ಣ, ಬಾಗಿಲ ಮೇಲೆ ನಂಬರು. ಮೊದಲ ವರ್ಷ ಜನ ತಮ್ಮ ಮನೆಯೆಂದು ಬೇರೆಯವರ ಮನೆಗೆ ಹೊಕ್ಕು, ಚೆಂಬು ನೀರು ಕುಡಿದು, ಗೋಡೆಯ ಮೇಲಿನ ಫೋಟೋ ನೋಡಿ ಎದ್ದು ಬರುತ್ತಿದ್ದರು. ಪ್ರತಿ ಮನೆಗೂ ಒಂದು ಪಾಯಖಾನೆ ಕೊಟ್ಟಿದ್ದರು. ಅದು ಗಟ್ಟಿಯಾಗಿತ್ತು, ಮಳೆ ಹನಿ ಒಳಗೆ ಬರುತ್ತಿರಲಿಲ್ಲ. ಆದ್ದರಿಂದ ನಾವೆಲ್ಲ ಅದರಲ್ಲಿ ಕುಳ್ಳು, ಅಂದರೆ ಸೆಗಣಿಯ ಬೆರಣಿ, ತುಂಬಿದೆವು.

ಮನೆಯಲ್ಲಿ ಅಪ್ಪ, ಅವ್ವ, ನಾನು. ನಾಲ್ಕನೆಯವನು ನನ್ನ ಮುತ್ಯಾ, ಅಪ್ಪನ ಅಪ್ಪ. ಕಾಗದದಲ್ಲಿ ಅವನೂ ಆ ನಂಬರಿನ ಮನೆಯಲ್ಲೇ ಇದ್ದ. ನಿಜದಲ್ಲಿ ಹಳೇ ಊರಿನಲ್ಲಿ, ನಮ್ಮ ಬಿದ್ದ ಮನೆಯ ಕಲ್ಲಿನ ಗುಪ್ಪೆಯ ಪಕ್ಕ, ನಾಲ್ಕು ತಗಡಿನ ಪತ್ರಾ ನಿಲ್ಲಿಸಿದ ಒಂದು ಗೂಡಿನಲ್ಲಿದ್ದ. ಭೂಕಂಪದ ಹೊತ್ತಿಗೆ ನಾನು ಎಂಟು ವರ್ಷದವಳು. ಅವ್ವನ ತವರು ಔರಾದ ಶಹಾಜನಿಗೆ ನಾವು ಮೂವರೂ ಹೋಗಿದ್ದೆವು. ಮುತ್ಯಾ ಹೊಲದ ಗುಡಿಸಿಲಿನಲ್ಲಿದ್ದ. ಆಯಿ, ಅಂದರೆ ಮುತ್ಯಾನ ಹೆಂಡತಿ, ಒಬ್ಬಳೇ ಮನೆಯಲ್ಲಿದ್ದಳು. ಇದನ್ನು ಒಂದೇ ಸಲ ಹೇಳುತ್ತೇನೆ.

ಮೂರನೆಯ ದಿನ ನಾವು ಊರು ತಲುಪಿದಾಗ ಕಲ್ಲಿನ ಗುಪ್ಪೆಯ ಮೇಲೆ ಮುತ್ಯಾ ಕೂತಿದ್ದ. ಅವನ ಪಕ್ಕ ಒಂದು ನಾಯಿ ಕೂತಿತ್ತು. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಮಚ್ಚೆ, ಎಡಗಿವಿ ಸೀಳಿದ್ದು. ಯಾವುದಿದು ಎಂದು ಅಪ್ಪ ಕೇಳಿದ್ದಕ್ಕೆ ಮುತ್ಯಾ, "ನಿಮ್ಮವ್ವ ಹಿತ್ತಲದಾಗ ರೊಟ್ಟಿ ಹಾಕ್ತಿದ್ದಳಲ್ಲ, ಆ ನಾಯಿ. ಜಾಗಾ ಬಿಟ್ಟು ಏಳವಲ್ದು" ಅಂದನಂತೆ. ಆಯಿ ಓಣಿಯ ನಾಯಿಗಳಿಗೆಲ್ಲ ರೊಟ್ಟಿ ಹಾಕುವವಳು. ಅವನ್ನು ಆಗ ಯಾರೂ ಎಣಿಸಿರಲಿಲ್ಲ. ನಾನು ಇನ್ನೂ ಬರೆಯಲು ಶುರು ಮಾಡಿರಲಿಲ್ಲ.

ಹೊಸ ಊರಿಗೆ ಎಲ್ಲರೂ ಸಾಮಾನು ಹೊತ್ತು ನಡೆದಾಗ ಮುತ್ಯಾ ಏಳಲಿಲ್ಲ. "ನಾಯಿ ಬರವಲ್ದು. ಮೂಕ ಪ್ರಾಣಿ, ಅದನ್ನ ಒಂಟಿ ಬಿಟ್ಟು ಹೆಂಗ ಬರ್ಲಿ?" ಎಂದ. ಮನುಷ್ಯ ಹಟ ಮಾಡಿದರೆ ಬೈಯಬಹುದು. ನಾಯಿಯ ನಿಷ್ಠೆಯನ್ನು ಬೈಯುವುದು ಹೇಗೆ? ಜನ ಅದಕ್ಕೆ ಹವಾಲ್ದಾರ ಎಂದು ಹೆಸರಿಟ್ಟರು. ಅಮಾವಾಸ್ಯೆಗೆ ಹೊಸ ಊರಿನ ಹೆಂಗಸರು ಹೋಳಿಗೆ ಒಯ್ದು ಅದರ ಮುಂದೆ ಇಟ್ಟು ಬರುವರು. ನಿಲಂಗಾದಿಂದ ಒಬ್ಬ ಪತ್ರಕರ್ತ ಮೋಟರ್‌ಸೈಕಲ್ಲಿನಲ್ಲಿ ಬಂದು, "ಆಜೋಬಾ, ಹಾ ಕುತ್ರಾ ಇಥಂಚ್ ರಾಹತೋ ಕಾ?" ಎಂದು ಮರಾಠಿಯಲ್ಲಿ ಕೇಳಿದ. ನಾಯಿ ಇಲ್ಲೇ ಇರುತ್ತದೆಯೇ ಅಂತ. "ಹೋ, ಇಥಂಚ್," ಎಂದ ಮುತ್ಯಾ, ನಾಯಿಯ ಪರವಾಗಿ. ಪತ್ರಿಕೆಯಲ್ಲಿ ನಾಯಿಯ ಫೋಟೋ ಬಂತು; ಮುತ್ಯಾನದು ಅರ್ಧ ಮೊಣಕಾಲು ಬಂದಿತ್ತು. ಏಳನೆಯ ತರಗತಿಯಲ್ಲಿ ನಾನು ಹವಾಲ್ದಾರನ ಮೇಲೆ ಪ್ರಬಂಧ ಬರೆದೆ. ಹತ್ತಕ್ಕೆ ಎಂಟು ಅಂಕ. "ಅಂಕಿ ಹೆಚ್ಚು, ಭಾವನೆ ಕಡಿಮೆ" ಎಂದು ಗುರುಗಳು ಕೆಂಪು ಶಾಯಿಯಲ್ಲಿ ಬರೆದು ಎರಡು ಕಳೆದಿದ್ದರು. ಅವರು ಹೇಳಿದ್ದು ಸರಿ. ಅದಕ್ಕೇ ಇದನ್ನು ಇನ್ನೊಮ್ಮೆ ಬರೆಯುತ್ತಿದ್ದೇನೆ. ಈ ಸಲವೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಆರು ವರ್ಷ ಹೀಗೆ ನಡೆಯಿತು. ಆರನೆಯ ವರ್ಷದ ದೀಪಾವಳಿಯ ಹಿಂದುಮುಂದು ಮುತ್ಯಾ ಕಲ್ಲಿನ ಮೇಲೆ ಜಾರಿ ಬಿದ್ದು ಹದಿನೈದು ದಿನ ಕಾಲು ಊರಲಿಲ್ಲ. ಅಲ್ಲಿ ಕಲ್ಲುಗಳ ಸಂದಿಯಲ್ಲಿ ಹಾವು ಬೇರೆ. ಅಪ್ಪ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಹಳೇ ಊರಿಗೆ ಹೋದ. ನಾನೂ ಬುತ್ತಿ ಹೊತ್ತು ಹಿಂದೆ ಹೋಗಿದ್ದೆ.

"ಅಪ್ಪಾ, ಊರಾಗ ನನ್ನ ಮಾರಿ ಎತ್ತಲಾರದಂಗ ಮಾಡಿದಿ ನೀ. ಮಗ ಸಿಮೆಂಟ ಮನ್ಯಾಗ, ಅಪ್ಪ ಪತ್ರಾದಾಗ ಅಂತಾರ ಮಂದಿ," ಎಂದ ಅಪ್ಪ.

"ನಾ ಎಲ್ಲಿ ಒಲ್ಲೆ ಅಂದೀನಿ? ನಾಯಿನ್ನ ಕೇಳು."

"ನಾಯಿನ್ನ ಏನ್ ಕೇಳ್ಲಿ ನಾ?"

ಹಿರಿಯರಲ್ಲೊಬ್ಬರು ನಕ್ಕರು. ಮುತ್ಯಾ ನಗಲಿಲ್ಲ. ಕೊರಳಿನ ಲಿಂಗದ ಮೇಲೆ ಕೈ ಇಟ್ಟು, "ಇದು ತನ್ನ ಕಾಲಲೆ ನಡದು ನಿಮ್ಮ ಬಾಗಿಲಿಗಿ ಬಂದ ದಿನ, ನಾನೂ ಬರ್ತೀನಿ. ಕರದು ತಂದದ್ದಲ್ಲ, ಹೊತ್ತು ತಂದದ್ದಲ್ಲ. ತಾನೇ ಬರಬೇಕು," ಎಂದ. ಲಿಂಗ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮೀರುವುದಿಲ್ಲ. ಸಾಕ್ಷಿಗೆ ನಾಲ್ವರು ಕೂತಿದ್ದರು. ಅಪ್ಪ ಒಪ್ಪಿದ. ಅಂದಿನಿಂದ ನಾಯಿಯ ಹಾಜರಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಹನ್ನೆರಡಕ್ಕೆ ಸರಿಯಾಗಿ ನಾನು ಬುತ್ತಿ ಒಯ್ಯುವವಳು. ರಜೆ ಇದ್ದಾಗ ಮನೆಯಿಂದ, ಶಾಲೆ ಇದ್ದಾಗ ಶಾಲೆಯಿಂದ. ಶಾಲೆ ಎರಡೂ ಊರುಗಳ ನಡುವೆ ಇತ್ತು. "ಬಂದಿದೆಯೇ?" ಎಂಬ ಕಾಲಮ್ಮಿನಲ್ಲಿ ದಿನಾ "ಇಲ್ಲ" ಎಂದು ಬರೆಯುತ್ತ ಹೋದೆ. ಊಟಕ್ಕೆ ಕೂತ ಅಪ್ಪ ತಲೆ ಎತ್ತದೆ, "ಇವತ್ತು?" ಅನ್ನುವನು. "ಇಲ್ಲ" ಅನ್ನುವೆ. "ನೋಡೂನು" ಅನ್ನುವನು.

ಹೀಗೆ ಬೇಸಿಗೆ ಬಂತು. ಅಪ್ಪ ಒಂದು ದಿನ ಯೆಣೆಗೂರಿನ ಧಾಬಾದಿಂದ ಒಂದು ಮರಿ ತಂದ. ಮೇ ನಾಲ್ಕು, ಮಧ್ಯಾಹ್ನ ಮೂರೂ ಹತ್ತು. ಕೆಂಚು ಬಣ್ಣ, ಹೊಟ್ಟೆ ಗಡಿಗೆಯ ಹಾಗೆ, ಧಾಬಾದ ಎಣ್ಣೆಯ ವಾಸನೆ ಮೈತುಂಬ. ಬಸ್ಸಿನಲ್ಲಿ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಟಿಕೀಟು ಕೇಳಿದರೆ ಕುಂಬಳಕಾಯಿ ಎಂದು ಹೇಳಿದನಂತೆ. ಚೀಲದಿಂದ ಹೊರಗೆ ಬಂದ ಕುಂಬಳಕಾಯಿ ನಡುಮನೆಯಲ್ಲಿ ಮೊದಲ ಕೆಲಸವಾಗಿ ಉಚ್ಚೆ ಹೊಯ್ಯಿತು.

"ಇದು ಯಾಕ ಬೇಕಿತ್ತು?" ಎಂದಳು ಅವ್ವ.

"ಹವಾಲ್ದಾರ ನೋಡ್ಲಿ. ತನ್ನ ಕುರ್ಚಿ ಮ್ಯಾಲ ಮತ್ತೊಬ್ಬ ಬಂದು ಕೂತಾನ ಅಂದ್ರ ಯಾವ ಹವಾಲ್ದಾರನೂ ಸುಮ್ಮ ಕೂಡಂಗಿಲ್ಲ. ಓಡಿ ಬರ್ತಾನ."

"ಅದಕ್ಕ ಯಾರು ಹೇಳಬೇಕು, ಇಲ್ಲಿ ಕುರ್ಚಿ ಹೋತು ಅಂತ?"

"ವಾಸನಿ ಹೇಳ್ತದ. ಈಕಿ ದಿನಾ ಬುತ್ತಿ ಒಯ್ತಾಳಲ್ಲ. ಮರಿ ಎತ್ತಿ ಆಡಿಸಿ ಹೋಗ್ಲಿ."

ಅಪ್ಪನ ಜೀವನದಲ್ಲಿ ಇಷ್ಟು ದೂರ ಆಲೋಚಿಸಿ ಮಾಡಿದ ಯೋಜನೆ ಇದೊಂದೇ. ಅವ್ವ ಮಾತ್ರ, "ನಾಕು ದಿನದ ಪಾವ್ಣ್ಯಾ. ಆಮ್ಯಾಲ ಎಲ್ಲಿಂದ ತಂದೀ ಅಲ್ಲೇ ಬಿಟ್ಟು ಬಾ," ಎಂದಳು. ಪಾವ್ಣಾ ಅಂದರೆ ನಮ್ಮ ಕಡೆ ಮನೆಗೆ ಬಂದ ನೆಂಟ. ಅದೇ ಹೆಸರಾಯಿತು. ಮೂರನೆಯ ದಿನದಿಂದ ಆ ಪಾವ್ಣ್ಯಾನಿಗೆ ಎಮ್ಮೆಯ ಹಾಲು ಮೊದಲು, ನಮಗೆ ಆಮೇಲೆ. ನಾಲ್ಕು ದಿನ ಎಂದವಳೇ ಅಳತೆ ಮಾಡಿ ಹಾಕುತ್ತಿದ್ದಳು. ನಾನು ಬರೆದುಕೊಂಡಿದ್ದೇನೆ, ದಿನಕ್ಕೆ ಮೂರು ಬಟ್ಟಲು.

ಹಳೇ ಊರಿನಲ್ಲಿ ಹವಾಲ್ದಾರ ಬಾಡುತ್ತಿದ್ದ. ನಾನು ಒಯ್ದ ರೊಟ್ಟಿಯನ್ನು ಮೂಸಿ, ಒಂದು ತುಂಡು ತಿಂದು, ಉಳಿದದ್ದನ್ನು ಮುಂಗಾಲಿನ ಕೆಳಗೆ ಇಟ್ಟುಕೊಂಡು ಮಲಗುವನು. ಪತ್ರಾ ಕಾದು ಕೆಂಡವಾಗುವ ಹೊತ್ತು ಅದು. ನನ್ನ ಲಂಗದಲ್ಲಿ ಮರಿಯ ವಾಸನೆ ಸಿಕ್ಕಿದಾಗ ಬಾಲ ಎರಡು ಸಲ ನೆಲಕ್ಕೆ ಬಡಿಯುವನು. ಅದರಲ್ಲಿ ಕುರ್ಚಿಯ ಚಿಂತೆ ನನಗೇನೂ ಕಾಣಲಿಲ್ಲ. ಆ ತಿಂಗಳಲ್ಲಿ ಮೂರು ಕಡೆ ನಾನು "ಕೊರಳಲ್ಲಿ ಕೂದಲು ಉದುರಿದೆ, ಕಜ್ಜಿ?" ಎಂದು ಪ್ರಶ್ನೆಯ ಗುರುತು ಹಾಕಿ ಬರೆದಿದ್ದೇನೆ. ಗಣಿತ ಕಲಿಸುವವಳ ಸೂಕ್ಷ್ಮ ದೃಷ್ಟಿ ಎಂಥದು ನೋಡಿ.

ಮೇ ಹದಿನೆಂಟರಂದು ಅಪ್ಪ ಹೊಲದಲ್ಲಿದ್ದ, ಅವ್ವ ಔರಾದಕ್ಕೆ ಸಂತೆಗೆ ಹೋಗಿದ್ದಳು. ರೊಟ್ಟಿ ನಾನೇ ಬಡಿಯುತ್ತಿದ್ದೆ. ಹನ್ನೊಂದೂ ಇಪ್ಪತ್ತಕ್ಕೆ ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಹವಾಲ್ದಾರ. ನಾಲಿಗೆ ಜೋತು ಬಿದ್ದಿತ್ತು, ಹಿಂಗಾಲು ನಡುಗುತ್ತಿದ್ದವು. ನನ್ನ ಕಡೆ ನೋಡಲಿಲ್ಲ. ಎಮ್ಮೆಯ ಕಲಗಚ್ಚಿನ ಬಾನಿಯಲ್ಲಿ ಬಹಳ ಹೊತ್ತು ನೀರು ಕುಡಿದು, ನೆಟ್ಟಗೆ ಒಳಗೆ ಬಂದು, ಪಾವ್ಣ್ಯಾ ಮಲಗಿದ್ದ ಗೋಣಿತಟ್ಟಿನ ಪಕ್ಕ ತಣ್ಣನೆಯ ಸಿಮೆಂಟಿನ ಮೇಲೆ ಹೊಟ್ಟೆ ಹಚ್ಚಿ ಮಲಗಿದ. ಮರಿ ಎದ್ದು ಅವನ ಸೀಳಿದ ಕಿವಿಯನ್ನು ಹಿಡಿದು ಜಗ್ಗಿತು. ಅವನು ಕಣ್ಣು ಮುಚ್ಚಿದ. ಅವನ ಕೊರಳಿನಲ್ಲಿ ಒಂದು ಹಗ್ಗವಿತ್ತು. ಒಂದು ಗೇಣು ಉದ್ದ, ತುದಿ ಕಡಿದು ನಾರು ನಾರಾಗಿತ್ತು.

ಮೂರು ಕಡೆ ಬರೆದ ಕಜ್ಜಿಯನ್ನು ಹೊಡೆದುಹಾಕಬೇಕಾಯಿತು. ನಾನು ಎಂದೂ ಹನ್ನೆರಡಕ್ಕೆ ಒಂದು ನಿಮಿಷ ಮೊದಲು ಹೋದವಳಲ್ಲ, ಒಂದು ನಿಮಿಷ ತಡವಾಗಿ ಹೋದವಳೂ ಅಲ್ಲ. ಹನ್ನೆರಡಕ್ಕೆ ಮೊದಲು ಮುತ್ಯಾ ಹಗ್ಗ ಬಿಚ್ಚಿದರೆ ಸಾಕಾಗಿತ್ತು. ನನ್ನ ಶಿಸ್ತಿನ ಮೇಲೆ ಮುತ್ಯಾನಿಗೆ ಇದ್ದಷ್ಟು ಭರವಸೆ ನನ್ನ ಯಾವ ಗುರುಗಳಿಗೂ ಇರಲಿಲ್ಲ.

ಪುಸ್ತಕ ತೆಗೆದು ದಿನಾಂಕ ಬರೆದೆ, ಹೊತ್ತು ಬರೆದೆ. "ಬಂದಿದೆಯೇ?" ಕಾಲಮ್ಮಿಗೆ ಪೆನ್ನು ಇಡುವಷ್ಟರಲ್ಲಿ ಮುತ್ಯಾ ಬಂದ. ಹನ್ನೊಂದೂ ಐವತ್ತು. ಆ ಬಿಸಿಲಿನಲ್ಲಿ ಅವನು ಅಷ್ಟು ಬೇಗ ಹೇಗೆ ನಡೆದನೋ. ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು, ಉಳಿದ ಹಗ್ಗ ಕೈಯಲ್ಲಿತ್ತು. ಹೊಸ್ತಿಲ ಹೊರಗೇ ನಿಂತ.

"ಬಂದದೇನು?"

"ಬಂದದ."

"ಯಾರರ ನೋಡ್ಯಾರೇನು?"

"ಯಾರಿಲ್ಲ. ಅವ್ವ ಸಂತಿಗಿ ಹೋಗ್ಯಾಳ."

ಮುತ್ಯಾ ಬಗ್ಗಿ ಒಳಗೆ ನೋಡಿ, ನಾಲಿಗೆಯಿಂದ ಚುಕ್‌ಚುಕ್ ಎಂದು ಕರೆದ. ಹವಾಲ್ದಾರ ಕಣ್ಣು ತೆರೆದ, ಬಾಲ ಬಡಿದ, ಏಳಲಿಲ್ಲ. ಇನ್ನೊಮ್ಮೆ ಕರೆದ. ಆಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟ.

"ಎಷ್ಟು ದಿನಾತು ಕಟ್ಟಿ, ಮುತ್ಯಾ?" ಎಂದು ಕೇಳಿದೆ.

"ಹೋಳಿಯಿಂದ. ಮೊದಲ ತಾನೇ ಇರ್ತಿತ್ತು, ಸುಳ್ಳಲ್ಲ. ಈಗ ಮುಪ್ಪಾತು. ನೆರಳ ಬೇಕಾತು. ಮಂದಿ ಬೇಕಾತು. ದಿನಾ ಎದ್ದು ಈ ಕಡಿ ಮಾರಿ ಮಾಡಿ ನಡೀಲಕತ್ತು." ರುಮಾಲಿನಿಂದ ಮುಖ ಒರೆಸಿಕೊಂಡು, "ಮಾತು ಕೊಟ್ಟೀನಿ. ಬಂದದ. ಹಂಗಾದ್ರ ನಾನೂ ಬರಬೇಕು," ಎಂದ.

ಹೇಳಿ ಮನೆಯೊಳಗೆ ಸುತ್ತ ನೋಡಿದ. ನೀಲಿ ಗೋಡೆ, ಸಿಮೆಂಟಿನ ಕಟ್ಟೆ, ಕ್ಯಾಲೆಂಡರು. ಬಾಡಿಗೆಗೆ ಮನೆ ನೋಡಲು ಬಂದವರೂ ಇದಕ್ಕಿಂತ ಆಸಕ್ತಿಯಿಂದ ನೋಡುತ್ತಾರೆ. ಅವನು ನೋಡಿದ ರೀತಿಯನ್ನು ನಾನು ಆ ದಿನ ಬರೆದಿಟ್ಟಿಲ್ಲ. ಅದಕ್ಕೆ ಕಾಲಮ್ಮು ಇರಲಿಲ್ಲ. ಆದರೆ ಅದನ್ನು ನೋಡಿದ ಮೇಲೆ ನನ್ನ ಬಾಯಿಂದ ಒಂದು ಮಾತು ಬಂತು.

"ತಾನೇ ಬಂದಿಲ್ಲ ಮುತ್ಯಾ. ನಾ ಹೊತ್ತು ತಂದೀನಿ."

ಮುತ್ಯಾ ನನ್ನನ್ನು ನೋಡಿದ. ನಾನು ಹದಿನಾಲ್ಕು ವರ್ಷದವಳು. ನನ್ನ ತೋಳು ಜೋಳದ ದಂಟಿನಷ್ಟು. ನಾಯಿ ಮುಪ್ಪಾಗಿದ್ದರೂ ಒಂದು ಕರುವಿನ ತೂಕದ್ದು.

"ನೀ?"

"ಹೂಂ."

"ಯಾವಾಗ?"

"ನೀ ಹೊಲದ ಕಡಿ ಹೋದಾಗ. ಬಂದು ಹಗ್ಗ ಬಿಚ್ಚಿ ತಂದೆ."

ಕಡಿದ ಹಗ್ಗದ ತುದಿ ಅವನ ಕೈಯಲ್ಲೇ ಇತ್ತು. ಅದನ್ನು ಒಮ್ಮೆ ನೋಡಿ, ಮುಷ್ಟಿಯೊಳಗೆ ಮಡಚಿಕೊಂಡ. "ಬರದಿಯೇನು?" ಎಂದ.

"ಬರೀಲಕತ್ತೀನಿ."

"ಪೆನ್ನಲೆ?"

"ಪೆನ್ನಲೆ."

ಅವನ ಎದುರಿಗೇ ಬರೆದೆ: "ತಾನಾಗಿ ಬಂದಿಲ್ಲ. ನಾನು ಹೊತ್ತು ತಂದೆ." ಅಲ್ಲಿಯವರೆಗಿನ ಐದು ಪುಸ್ತಕಗಳಲ್ಲಿ ಅದು ಮೊದಲ ಸುಳ್ಳು. ಅಕ್ಷರ ಮಾತ್ರ ಉಳಿದ ಪುಟಗಳಿಗಿಂತ ದುಂಡಾಗಿದೆ.

ಮುತ್ಯಾ ನೀರು ಕೇಳಿದ, ಕುಡಿದ, ಮೀಸೆ ಒರೆಸಿಕೊಂಡ. ಆಮೇಲೆ ನಾಯಿಯ ಕಡೆ ನೋಡುತ್ತ ಹೇಳಿದ: "ಯವ್ವಾ, ನಿಮ್ಮ ಆಯಿ ರೊಟ್ಟಿ ಹಾಕ್ತಿದ್ದ ನಾಯಿ ಇದಲ್ಲ. ಅದು ಕಂದು ಬಣ್ಣದ್ದಿತ್ತು. ಎಲ್ಲಿ ಹೋತೋ ಗೊತ್ತಿಲ್ಲ. ಇದು ಎರಡನೇ ದಿನ ಎಲ್ಲಿಂದೋ ಬಂತು. ಕಾಲಾಗ ರಗತ ಇತ್ತು. ನನ್ನ ಬಾಜೂಕ ಕೂತು. ಯಾರೋ ಪುಣ್ಯಾತ್ಮರು ನನಗೊಂದು ರೊಟ್ಟಿ ಕೊಟ್ಟಿದ್ರು, ನನಗ ತಿನ್ನಲಿಕ್ಕಾಗಲಿಲ್ಲ, ಇದಕ್ಕ ಕೊಟ್ಟೆ. ನಿಮ್ಮಪ್ಪ ಬಂದು ಯಾವುದು ಅಂದ. ಏನರ ಹೇಳಬೇಕಲ್ಲ, ಹೇಳಿದೆ."

ಅಂದರೆ ಆರು ವರ್ಷ ಇಡೀ ಊರು ಹೋಳಿಗೆ ಹಾಕಿ ಮೆಚ್ಚಿದ ನಾಯಿ ಬೀಳುವ ಮೊದಲಿನ ನಮ್ಮ ಮನೆಯನ್ನು ಕಂಡಿರಲೇ ಇಲ್ಲ. ನನ್ನ ಎಂಟು ಅಂಕಗಳನ್ನು ನಾನು ಮನಸ್ಸಿನಲ್ಲೇ ಗುರುಗಳಿಗೆ ವಾಪಸು ಕೊಟ್ಟೆ.

"ಇದು ಇಲ್ಲೇ ಇರ್ಲಿ. ಏಳಂಗಿಲ್ಲ ಇನ್ನ," ಎಂದ ಮುತ್ಯಾ. ಎದ್ದ. ಹೋಗುವವನು ತಿರುಗಿ, "ಒಬ್ಬನೇ ಯಾಕ ಇರ್ತಿ ಅಂತಾರ ಈಗ ಮಂದಿ," ಎಂದು ತನಗೇ ಹೇಳಿಕೊಂಡ. ಆಮೇಲೆ ನನ್ನನ್ನು ಕೇಳಿದ: "ಆ ಮರಿ ಕೊಡ್ತಿಯೇನು?"

ರುಮಾಲಿನಲ್ಲಿ ಪಾವ್ಣ್ಯಾನನ್ನು ಕಟ್ಟಿಕೊಟ್ಟೆ. ಬುತ್ತಿಯನ್ನೂ ಕೊಟ್ಟೆ. ಹನ್ನೆರಡೂ ಮೂವತ್ತೈದಕ್ಕೆ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕುಂಬಳಕಾಯಿ ಹಿಡಿದು ಮುತ್ಯಾ ಹಳೇ ಊರಿನ ಹಾದಿ ಹಿಡಿದ.

ಸಂಜೆ ಅಪ್ಪ ಬಂದು ನೋಡಿದ. ತಾನು ಕರೆಯಬೇಕೆಂದಿದ್ದ ನಾಯಿ ಮನೆಯಲ್ಲಿತ್ತು, ಕರೆಯಲು ತಂದ ಮರಿ ಹಳೇ ಊರಿನಲ್ಲಿತ್ತು, ಮುತ್ಯಾ ಎಲ್ಲಿದ್ದನೋ ಅಲ್ಲೇ ಇದ್ದ. ನಾನು ಹೊತ್ತು ತಂದೆ ಎಂದಾಗ ಅವನು ನಂಬಲಿಲ್ಲ.

"ನೀನು? ನೀರಿನ ಕೊಡ ಎತ್ತಂದ್ರ ನಡ ನೋಯ್ತದ ಅಂತಿ."

"ನಿಂತು ನಿಂತು ತಂದೆ. ಹನ್ನೊಂದು ಸಲ ಕೆಳಗ ಇಳಿಸಿದೆ."

ಅಂಕಿ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಸಂತೆಯಿಂದ ಬಂದ ಅವ್ವ ಮಾತ್ರ ನನ್ನ ಕಡೆ ನೋಡಿ, ನಾಯಿಯ ಕೊರಳಿನ ಹಗ್ಗದ ತುಂಡನ್ನು ಬಿಚ್ಚಿ ಒಲೆಗೆ ಹಾಕಿದಳು.

ಹವಾಲ್ದಾರ ನಮ್ಮ ಸಿಮೆಂಟಿನ ಮೇಲೆ ಹದಿಮೂರು ದಿನ ಬದುಕಿದ. ನ್ಯಾಯವಾಗಿ ಹೇಳಬೇಕೆಂದರೆ ಮಲಗಿದ. ಮನೆಯ ಯಾವ ಕಾವಲನ್ನೂ ಕಾಯಲಿಲ್ಲ. ನೆರೆಮನೆಯ ಕೋಳಿ ಅವನ ಬೆನ್ನ ಮೇಲೆ ಹತ್ತಿ ಇಳಿಯುತ್ತಿತ್ತು. ಹೋಗಿಬರುವವರ ಕಾಲನ್ನು ಒಂದು ಕಣ್ಣಿನಿಂದ ಎಣಿಸುತ್ತ ಬಾಲ ಬಡಿಯುವನು. ನಮ್ಮ ಮನೆಯಲ್ಲಿ ಎಣಿಸುವವರು ಇಬ್ಬರಾದೆವು. ಮೇ ಮೂವತ್ತೊಂದರ ಬೆಳಿಗ್ಗೆ ಆರೂವರೆಗೆ ಅವ್ವ ನೀರು ಹಾಕಲು ಹೋದಾಗ ತಣ್ಣಗಾಗಿದ್ದ.

ಸುದ್ದಿ ಹಬ್ಬಿ ಜನ ಬಂದರು. ದೀಪಾವಳಿಯಲ್ಲಿ ಸಾಕ್ಷಿ ಕೂತಿದ್ದ ಹಿರಿಯರು ಹೂವಿನ ಹಾರ ತಂದರು. ಇಂಥ ಇಮಾನದಾರ ನಾಯಿಯನ್ನು ಅದು ಕಾದ ಜಾಗದಲ್ಲೇ ಮಣ್ಣು ಮಾಡಬೇಕು, ಮೇಲೊಂದು ಕಲ್ಲು ನಿಲ್ಲಿಸಬೇಕು, ಮೆರವಣಿಗೆಯಲ್ಲಿ ಹಳೇ ಊರಿಗೆ ಒಯ್ಯಬೇಕು ಎಂದು ತೀರ್ಮಾನವಾಯಿತು. ಎತ್ತಿನ ಬಂಡಿಯೂ ಬಂತು. ಅಷ್ಟರಲ್ಲಿ ಮುತ್ಯಾ ಬಂದ, ಹೆಗಲ ಮೇಲೆ ಗುದ್ದಲಿ.

"ಬಂಡಿ ಯಾಕ?"

"ಅಲ್ಲಿಗೇ ಒಯ್ಯೂನ್ರಿ. ಅದರ ಜೀವ ಅಲ್ಲಿತ್ತು," ಎಂದರು ಹಿರಿಯರು.

"ಇಲ್ಲಿ ಬರಲಿಕ್ಕಿ ಅದಕ್ಕ ಎಷ್ಟು ತ್ರಾಸಾಗ್ಯದ ನಿಮಗೇನು ಗೊತ್ತು. ಮತ್ತ ಯಾಕ ಒಯ್ತೀರಿ?" ಎಂದು ಮುತ್ಯಾ ನಮ್ಮ ಹಿತ್ತಲಿಗೆ ಹೋಗಿ, ಕುಳ್ಳಿನ ಪಾಯಖಾನೆಯ ಹಿಂದೆ ತಾನೇ ತೋಡಿದ. ಅಪ್ಪ ಗುದ್ದಲಿ ಕೇಳಿದರೂ ಕೊಡಲಿಲ್ಲ. ಜನಕ್ಕೆ ನಿರಾಶೆಯಾಯಿತು. ಹಾರವನ್ನು ಎತ್ತಿನ ಕೊರಳಿಗೆ ಹಾಕಿ ಹೋದರು.

ಇನ್ನು ಪಾವ್ಣ್ಯಾನ ವಿಷಯ. ಅದಕ್ಕೆ ಹಳೇ ಊರು ಒಂದು ದಿನವೂ ಸೇರಲಿಲ್ಲ. ಅಲ್ಲಿ ಕಲ್ಲು, ಓತಿಕ್ಯಾತ, ಒಬ್ಬ ಮುದುಕ. ಇಲ್ಲಿ ಅವ್ವ, ಎಮ್ಮೆ, ಮೂರು ಬಟ್ಟಲು ಹಾಲು. ಬುತ್ತಿ ಕೊಟ್ಟು ನಾನು ಹಿಂದಿರುಗಿದರೆ ನನ್ನ ಕಾಲಿಗೆ ತೊಡರುತ್ತ ಹಿಂದೆಯೇ ಬರುವುದು. ಸಂಜೆ ಮುತ್ಯಾ ಕರೆಯಲು ಬರುವನು. ಮೊದಲು ಹೊಸ್ತಿಲ ಹೊರಗೇ ನಿಂತು, "ಮರಿ ಬಂದದೇನು?" ಅನ್ನುವನು. "ಬಂದದ್ರಿ ಮಾವ. ಉಂಡು ಹೋಗ್ರಿ," ಅನ್ನುವಳು ಅವ್ವ, ಮರಿಯನ್ನು ಸೆರಗಿನಲ್ಲಿ ಹಿಡಿದುಕೊಂಡು. ಅವಳು ಮರಿ ಕೊಡದೆ ಅವನು ಹೋಗುವುದು ಹೇಗೆ? ಉಣ್ಣುವನು. ನಾನು ನಾಲ್ಕು ಕಾಲಮ್ಮು ಹಾಕಿದೆ. ಶ್ರಾವಣದ ಹೊತ್ತಿಗೆ ಲೆಕ್ಕ ಹೀಗಿತ್ತು: ಮರಿ ಓಡಿ ಬಂದದ್ದು ನಲವತ್ತೊಂದು, ಮುತ್ಯಾ ಕರೆಯಲು ಬಂದದ್ದು ನಲವತ್ತೊಂದು, ಉಂಡು ಹೋದದ್ದು ಮೂವತ್ತೆರಡು, ಮಳೆ ಬಂತೆಂದು ಉಳಿದದ್ದು ಒಂಬತ್ತು. ಒಂಬತ್ತರಲ್ಲಿ ನಾಲ್ಕು ದಿನ ಮಳೆ ಬಂದ ದಾಖಲೆ ನನ್ನಲ್ಲಿ ಇಲ್ಲ.

ಒಮ್ಮೆ ಹಾದಿಯಲ್ಲಿ ನಾನು ಕೇಳಿದೆ: "ಮುತ್ಯಾ, ದಿನಾ ಎರಡು ಹೊತ್ತು ನಡೀತಿ. ಕಟ್ಟಬಾರದೇನು ಅದಕ್ಕ?"

ಅವನು ಸ್ವಲ್ಪ ದೂರ ನಡೆದು ಹೇಳಿದ: "ಕಟ್ಟಿದ್ರ ನಿಲ್ತದ. ಕಟ್ಟಿದ ಮ್ಯಾಲ ಅದು ನಿಲ್ಲೂದ್ರಾಗ ಏನದ?"

ಶ್ರಾವಣದ ಎರಡನೆಯ ಸೋಮವಾರ ಅವನು ಕಂಬಳಿ ಹೊತ್ತು ತಂದ. ಆ ದಿನದಿಂದ ಮುಂದೆ ನಾಲ್ಕೂ ಕಾಲಮ್ಮು ಖಾಲಿ. ಯಾರಾದರೂ ಕೇಳಿದರೆ, "ಏನ್ ಮಾಡ್ಲಿ, ಈ ಮರಿ ಅಲ್ಲಿ ನಿಲ್ಲವಲ್ದು. ಮೂಕ ಪ್ರಾಣಿ," ಅನ್ನುವನು. ಬೆಳಿಗ್ಗೆ ಎದ್ದು ಒಂದು ಸುತ್ತು ಹಳೇ ಊರಿಗೆ ಹೋಗಿಬರುವುದನ್ನು ಮಾತ್ರ ಬಿಡಲಿಲ್ಲ. ಪಾವ್ಣ್ಯಾ ಶಾಲೆಯವರೆಗೆ ಕಳಿಸಿ, ಅಲ್ಲೇ ಕೂತು, ಅವನು ತಿರುಗಿ ಬಂದ ಮೇಲೆ ಜೊತೆಗೆ ಬರುತ್ತಿತ್ತು. ಇನ್ನೂ ಒಂಬತ್ತು ವರ್ಷ ಹೀಗೆ ನಡೆಯಿತು. ಹೋದ ವರ್ಷದ ಚಳಿಗಾಲದಲ್ಲಿ ಮುತ್ಯಾ ನಮ್ಮ ನಂಬರಿನ ಮನೆಯಲ್ಲೇ ತೀರಿಕೊಂಡ.

ಈಗ ಹತ್ತೂ ಐದು. ಐದನೆಯ ಪುಸ್ತಕ ತೊಡೆಯ ಮೇಲಿದೆ. ಮೇ ಹದಿನೆಂಟರ ಸಾಲನ್ನು ಇಷ್ಟು ವರ್ಷ ಯಾಕೆ ಬಿಟ್ಟಿದ್ದೆನೆಂದರೆ, ಲಿಂಗ ಮುಟ್ಟಿ ಆಡಿದ ಮಾತು ಅವನ ಜೀವವಿರುವವರೆಗೆ ಅವನದು. ಇಂದು ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಪೆನ್ನಿನಲ್ಲೇ ಬರೆದೆ: "ತಾನೇ ಬಂತು. ತನ್ನ ಕಾಲಲೆ." ಗೆರೆ ಎಳೆದ ಸಾಲೂ ಓದಲು ಬರುತ್ತದೆ, ಅದನ್ನು ಅಳಿಸಲು ನನಗೆ ಮನಸ್ಸಾಗಲಿಲ್ಲ. ಲೆಕ್ಕದಲ್ಲಿ ಎರಡು ಉತ್ತರ ಬರೆದ ಮಕ್ಕಳಿಗೆ ನಾನು ಸೊನ್ನೆ ಕೊಡುವವಳು.

ಆದರೂ ಒಂದು ಜಾಗ ಖಾಲಿ ಉಳಿದಿದೆ, ಅದನ್ನು ನಾನು ತುಂಬಲಾರೆ. ಆರು ವರ್ಷ ಊರೆಲ್ಲ ಹವಾಲ್ದಾರ ಎಂದು ಕರೆದರೂ ಅದು ಒಮ್ಮೆಯೂ ಆ ಹೆಸರಿಗೆ ತಿರುಗಿ ನೋಡಲಿಲ್ಲ. ರೊಟ್ಟಿಗೆ ತಿರುಗುತ್ತಿತ್ತು, ಹೆಜ್ಜೆಯ ಸಪ್ಪಳಕ್ಕೆ ತಿರುಗುತ್ತಿತ್ತು. ಬೇರೆ ಯಾವುದೋ ಹೆಸರು ಇದ್ದಿರಬೇಕು, ಬೇರೆ ಯಾವುದೋ ಬಾಗಿಲು. ಇದನ್ನು ಓದುವವರಲ್ಲಿ ಉಮರ್ಗಾ, ನಿಲಂಗಾ ಕಡೆಯವರು ಯಾರಾದರೂ ಇದ್ದು, ಭೂಕಂಪದ ದಿನಗಳಲ್ಲಿ ಬೆನ್ನ ಮೇಲೆ ಕಪ್ಪು ಮಚ್ಚೆಯ, ಎಡಗಿವಿ ಸೀಳಿದ ನಿಮ್ಮ ಬಿಳಿ ನಾಯಿ ಕಳೆದುಹೋಗಿದ್ದರೆ, ದಯವಿಟ್ಟು ನನಗೆ ಒಂದು ಸಾಲು ಬರೆಯಿರಿ. ಅದು ಹಸಿವಿನಿಂದ ಸಾಯಲಿಲ್ಲ. ನೀವು ಅದನ್ನು ಏನೆಂದು ಕರೆಯುತ್ತಿದ್ದಿರಿ?